ಸ್ಪಾಟಿಂಗ್ ಸ್ಕೋಪ್ ಕೊಳ್ಳುವವರಿಗೆ

ಉಡುಪಿ ಬಳಿಯ ಕೋಡಿ ಬೆಂಗ್ರೆ ಕಡಲತೀರದಲ್ಲಿ ಹಕ್ಕಿ ನೋಡಲು, ಕುದುರೆಮುಖ ಚಾರಣಕ್ಕೆ, ಎರಡಕ್ಕೂ ಒಂದೇ ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿ ನೋಡಲು ಟ್ರೈಪಾಡ್ ಮೇಲಿಡುವ ಸಣ್ಣ ದುರ್ಬೀನು) ಸಾಕಾ ಎಂದು ಕೆಲವರು ಕೇಳಿದ್ದಿರಿ. ಸಾಕು, ಆದರೆ ಮುಂದಿನ ಲೆನ್ಸ್ 80 ಎಂಎಂ ಅಗಲ ಇರುವಂಥದ್ದು ಬೇಡ. ಟ್ರೈಪಾಡ್ ಸೇರಿದರೆ ಮೂರು ಕಿಲೋ ದಾಟುತ್ತದೆ, ಏರು ಹತ್ತುವಾಗ ಹೆಗಲು ಬಿದ್ದುಹೋಗುತ್ತದೆ. 60-65 ಎಂಎಂನದ್ದು ತಗೊಳ್ಳಿ.

ಅಂಗಡಿಯವರು 60 ಪಟ್ಟು ಝೂಮ್ ಎಂದರೆ ಮರುಳಾಗಬೇಡಿ. ಲೆನ್ಸಿನ ಅಗಲವನ್ನು ಝೂಮ್‌ನಿಂದ ಭಾಗಿಸಿ ನೋಡಿ: 65ನ್ನು 20ರಿಂದ ಭಾಗಿಸಿದರೆ 3.25 ಎಂಎಂ, 60ರಿಂದ ಭಾಗಿಸಿದರೆ ಬರೀ 1 ಎಂಎಂ ಚಿಲ್ಲರೆ. ಕಣ್ಣಿಗೆ ಬರುವ ಬೆಳಕಿನ ಕಿರಣದ ಅಗಲ ಅದು. ಮುಂಜಾನೆ, ಮುಸ್ಸಂಜೆ ಹೊತ್ತಿಗೆ ಚಿತ್ರ ಮಂಕಾಗುವುದು ಇದರಿಂದಲೇ. ಹನ್ನೊಂದು ಗಂಟೆ ಮೇಲೆ ಮರಳು ಕಾದರಂತೂ ಝೂಮ್ ಹೆಚ್ಚಿಸಿದಷ್ಟೂ ಹಕ್ಕಿ ನೀರಿನೊಳಗೆ ಇದ್ದಂತೆ ಅಲುಗುತ್ತದೆ. ನಾನು ಹೆಚ್ಚಾಗಿ 25-30ರಲ್ಲೇ ನೋಡುವುದು. ಅಷ್ಟರಲ್ಲೇ ಪ್ಲೋವರ್ ಎಂಬ ತೀರದ ಹಕ್ಕಿ ಕೆಸರಿನಿಂದ ಹುಳ ಎಳೆಯುವಾಗ ಆ ಹುಳ ರಬ್ಬರಿನ ಹಾಗೆ ಹಿಗ್ಗುವುದು ಕಾಣುತ್ತದೆ!

ಐಪೀಸ್ (ಕಣ್ಣಿಟ್ಟು ನೋಡುವ ತುದಿ) ಓರೆಯಾಗಿರುವುದೇ ಒಳ್ಳೆಯದು. ಟ್ರೈಪಾಡನ್ನು ತಗ್ಗಿಸಿಟ್ಟರೆ ಗಾಳಿಗೆ ಅಲ್ಲಾಡುವುದಿಲ್ಲ, ಮಕ್ಕಳಿಗೂ ಎಟಕುತ್ತದೆ.

ನಮ್ಮ ಕರಾವಳಿಯವರು ಮರೆಯಬಾರದ್ದು ಒಂದಿದೆ. ಒಳಗೆ ತೇವ ಸೇರದಂತೆ ನೈಟ್ರೋಜನ್ ತುಂಬಿದ ವಾಟರ್‌ಪ್ರೂಫ್ ಮಾದರಿಯನ್ನೇ ತಗೊಳ್ಳಿ. ನನ್ನ ಮೊದಲ ಸ್ಕೋಪ್‌ ಅಂಥದ್ದಲ್ಲ. ಒಂದೇ ಮಳೆಗಾಲ ಕಪಾಟಿನಲ್ಲಿದ್ದಾಗ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಸ್ಟು ಹಬ್ಬಿತ್ತು. ಈಗ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಕಡಲ ಬದಿಯಿಂದ ಬಂದ ದಿನ ಒಣಬಟ್ಟೆಯಲ್ಲಿ ಲೆನ್ಸ್ ಉಜ್ಜಬೇಡಿ, ಮೊದಲು ಬ್ಲೋವರ್‌ನಿಂದ ಮರಳು ಊದಿಸಿ ತೆಗೆಯಿರಿ.