ಪಿಪಿಟಿ ಬಿಟ್ಟು ಸಂತೆಗೆ ಹೋದ ಕ್ಯುರೇಟರ್‌ಗಳು

ಹಾವೇರಿಯಲ್ಲಿ ಸಣ್ಣ ಮ್ಯೂಸಿಯಂಗಳ ಕ್ಯುರೇಟರ್‌ಗಳಿಗೆ, ಅಂದರೆ ಅಲ್ಲಿನ ಸಂಗ್ರಹ ನೋಡಿಕೊಳ್ಳುವವರಿಗೆ, ನೋಡುಗರನ್ನು ಸೆಳೆಯುವ ಬಗ್ಗೆ ತರಬೇತಿ ಕೊಡಿ ಅಂತ ಕೇಳಿದಾಗ ಒಂದೇ ಷರತ್ತು ಹಾಕಿದೆ. ಪ್ರೊಜೆಕ್ಟರ್ ಬೇಡ. "ಹಂಗಾದ್ರ ತರಬೇತಿ ಹೆಂಗ ಆಗ್ತದರಿ ಮೇಡಮ್ಮಾರ?" ಅಂದರು ಒಬ್ಬ ಹಿರಿಯರು. ಧಾರವಾಡ, ಗದಗ ಕಡೆಯಿಂದ ಬಂದವರೂ ಮುಖ ಮುಖ ನೋಡಿಕೊಂಡರು. ಜನರೇ ಬರುವುದಿಲ್ಲ, ನೋಡುಗರಿಗಾಗಿ ಎಂಥ ಯೋಜನೆ ಅನ್ನುವುದು ಅವರ ವಾದ.

ಹಿಂದಿನ ತರಬೇತಿಗಳು ಹೇಗಿದ್ದವು ಅಂತ ನಿಮಗೂ ಗೊತ್ತು. ಹೋಟೆಲ್ ಹಾಲ್, ಫೈಲ್, ಪೆನ್ನು, ಹಾರ, ಶಾಲು. ಒಂದಕ್ಕೆ 80-90 ಸಾವಿರ ಆಗಿತ್ತು ಅಂತ ನೆನಪು. ಊರಿಗೆ ಮರಳಿದ ಮೇಲೆ ಒಂದು ಫಲಕವೂ ಬದಲಾಗಲಿಲ್ಲ.

ನಾವು ಹಿಡಿದದ್ದು ವೀರಗಲ್ಲು, ಕಾಳಗದಲ್ಲಿ ಸತ್ತ ವೀರನ ನೆನಪಿಗೆ ನಿಲ್ಲಿಸಿದ ಕೆತ್ತನೆಯ ಕಲ್ಲು. ಈ ಭಾಗದಲ್ಲಿ ಅವಕ್ಕೇನು ಬರವಿಲ್ಲ. ಫಲಕ ಮಾತ್ರ ಎಲ್ಲ ಕಡೆ ಒಂದೇ: ವೀರಗಲ್ಲು, 12ನೇ ಶತಮಾನ, ಸಿಕ್ಕ ಊರು. ಮುಗೀತು. ಒಬ್ಬೊಬ್ಬರ ಕೈಗೂ ಗ್ಯಾಲರಿಯ ನಕ್ಷೆ, ಪೆನ್ಸಿಲ್ ಕೊಟ್ಟು ಮೂಲೆಯಲ್ಲಿ ನಿಲ್ಲಿಸಿದೆ. ಮ್ಯೂಸಿಯಂ ನೋಡಲು ಬಂದವರು ಎಲ್ಲಿ ನಿಂತರು, ಎಷ್ಟು ಹೊತ್ತು ನಿಂತರು, ಏನು ಮಾತಾಡಿದರು, ಅಷ್ಟು ಬರೆದುಕೊಳ್ಳಬೇಕು. ಬಾಯಿ ಬಿಡಬಾರದು. ಅದೇ ಅವರಿಗೆ ಆಗದ ಕೆಲಸ! ಯಾರಾದರೂ ತಪ್ಪು ಅಂದರೆ ತಿದ್ದಲು ಓಡುತ್ತಿದ್ದರು. ಮೊದಲ ಬೆಳಗಿನ ಹಾಳೆಗಳನ್ನೆಲ್ಲ ಹರಿದು ಹಾಕಬೇಕಾಯಿತು.

ಆಮೇಲಿನ ಹಾಳೆಗಳಲ್ಲಿ ಸರಕು ಸಿಕ್ಕಿತು. ಒಂದು ಕಲ್ಲಿನ ಮುಂದೆ ಜನ 10 ಸೆಕೆಂಡ್ ನಿಂತರೆ ಜಾಸ್ತಿ. ಮತ್ತೆ, ಎಲ್ಲರೂ ಮೇಲಿನಿಂದ ಕೆಳಗೆ ನೋಡುತ್ತಿದ್ದರು. ವೀರಗಲ್ಲಿನ ಕಥೆ ಕೆಳಗಿನಿಂದ ಮೇಲಕ್ಕೆ ಅಲ್ವಾ? ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಲಿಂಗ, ಸೂರ್ಯ, ಚಂದ್ರ. ಇವರು ಮೇಲಿನ ಲಿಂಗ ಕಂಡ ಕೂಡಲೇ ಗುಡಿ ಕಲ್ಲು ಅಂದುಕೊಂಡು ಕೈಮುಗಿದು ಹೊರಡುತ್ತಿದ್ದರು. 20 ವರ್ಷ ಸರ್ವಿಸ್ ಆದವರ ಕಣ್ಣಿಗೂ ಇದು ಬಿದ್ದಿರಲಿಲ್ಲ. ಹಾಳೆಯಲ್ಲಿ 1, 2, 3 ಬರೆದು ಪಕ್ಕದ ಗೋಡೆಗೆ ಕೆಳಗಿನಿಂದ ಮೇಲಕ್ಕೆ ಅಂಟಿಸಿದೆವು. ಜನ ನಿಲ್ಲುವ ಹೊತ್ತು ಒಂದು ನಿಮಿಷದ ಹತ್ತಿರ ಬಂತು. ಖರ್ಚು, ಟೇಪಿಗೆ 40 ರೂಪಾಯಿ.

ಮುಂದೆ ಸಂತೆ. ಜನ ಮ್ಯೂಸಿಯಂಗೆ ಬಾರದಿದ್ದರೆ ನಾವೇ ಅವರಿದ್ದಲ್ಲಿಗೆ. ಕಲ್ಲುಗಳ ದೊಡ್ಡ ಫೋಟೊಗಳನ್ನು ಫ್ಲೆಕ್ಸ್ ಮಾಡಿಸಿದೆವು, ಒಂದೊಂದಕ್ಕೆ 300-400 ಬಿದ್ದಿರಬೇಕು. ಮೊದಲ ಸಲ ಯಾರೂ ತಿರುಗಿ ನೋಡಲಿಲ್ಲ. ಯಾವುದೋ ಜಾತ್ರೆ ಬ್ಯಾನರ್ ಅಂದುಕೊಂಡರು. ಮುಂದಿನ ಸಂತೆಗೆ ಕಟ್ಟುವ ಜಾಗ ಬದಲಿಸಿದೆ, ಮಾತು ಶುರು ಮಾಡುವ ಪ್ರಶ್ನೆಯನ್ನೂ ಬದಲಿಸಿದೆ. ಆ ಪ್ರಶ್ನೆ ಇಲ್ಲಿ ಬರೆಯುವುದಿಲ್ಲ, ಅದು ತರಬೇತಿಗೆ ಬಂದವರಿಗೆ. ಜನ ಮುತ್ತಿಕೊಂಡರು. "ಇಂವ ಯಾಕ ಸತ್ತಾನ್ರೀ?" "ದನ ಯಾರವು?" "ಹೇಣ್ತಿ ಏನಾದ್ಲು?" ಶತಮಾನ ಎಷ್ಟನೆಯದು ಅಂತ ಒಬ್ಬರೂ ಕೇಳಲಿಲ್ಲ. ಹೊಸ ಫಲಕ ಅಲ್ಲೇ ಹುಟ್ಟಿತು: "ದನ ಹೊಡೆದುಕೊಂಡು ಹೋಗುತ್ತಿದ್ದವರನ್ನು ಈತ ತಡೆದ. ಕಾದಾಡಿ ಅಲ್ಲೇ ಸತ್ತ." ಶತಮಾನ ಕೊನೆಯ ಸಾಲಿಗೆ ಹೋಯಿತು. ಫಲಕಕ್ಕೆ 50 ಪದದ ಮಿತಿ. ಅದಕ್ಕಾಗಿ ಒಬ್ಬರು ಊಟದವರೆಗೂ ನನ್ನ ಜೊತೆ ಜಗಳ ಆಡಿದರು.

ನಡುವೆ ಒಬ್ಬ ಹುಡುಗ ಕ್ಯೂಆರ್ ಕೋಡ್ ಹಚ್ಚಿ ನೋಡೋಣ ಅಂದ. ಹಚ್ಚಿದೆವು. "ಕಾಣಿಕೆಗೆ ಫೋನ್‌ಪೇ ಏನ್ರೀ?" ಅಂತ ಕೇಳಿದರು. ತೆಗೆದೆವು. ಬೆಳಕಿನ ಪ್ರಯೋಗ ಮಾತ್ರ ಗೆದ್ದಿತು. ಎದುರಿನ ಟ್ಯೂಬ್‌ಲೈಟ್ ಆರಿಸಿ ಪಕ್ಕದಿಂದ ಒಂದು ಸಣ್ಣ ಎಲ್‌ಇಡಿ ಬಿಟ್ಟರೆ ಸವೆದ ಕುದುರೆಯ ಕಾಲು ಕೂಡ ಎದ್ದು ಕಾಣುತ್ತದೆ. ಯಾವ ಕೋನ, ಎಷ್ಟು ದೂರ ಅನ್ನುವುದನ್ನು ನೀವೇ ಮಾಡಿ ನೋಡಿ.

ಊರವರ ಜೊತೆಗಿನ ಮಾತು ಅಷ್ಟು ಸುಲಭ ಇರಲಿಲ್ಲ. "ನಮ್ಮ ಕಲ್ಲು ನಮಗ ಕೊಡ್ರಿ" ಅಂತ ಒಂದು ಊರಿನವರು ಬಂದೇ ಬಿಟ್ಟರು. ಊರಲ್ಲಿ ಅದಕ್ಕೆ ಎಣ್ಣೆ, ಕುಂಕುಮ ಆಗುತ್ತಿತ್ತು, ಇಲ್ಲಿ ಮುಟ್ಟಬೇಡಿ ಅನ್ನುವ ಬೋರ್ಡು. ಎಣ್ಣೆ ಧೂಳು ಹಿಡಿಯುತ್ತದೆ, ಕೆತ್ತನೆ ಮುಚ್ಚಿಹೋಗುತ್ತದೆ. ಬಾಯಲ್ಲಿ ಹೇಳಿದರೆ ನಂಬಲಿಲ್ಲ. ಹಾಗೆ ಕಪ್ಪಾದ ಒಂದು ತುಂಡು ಕಲ್ಲನ್ನೇ ಮುಂದಿಟ್ಟೆವು. ಹೂ ಇಡಲು ಕಲ್ಲಿನಿಂದ ದೂರಕ್ಕೆ ಒಂದು ತಟ್ಟೆ ಅಂತ ಒಪ್ಪಂದ ಆಯಿತು. ಆ ಊರಿನ ಅಜ್ಜ ಒಬ್ಬರು ಈಗ ರವಿವಾರ ಬಂದು ತಾವೇ ಕಥೆ ಹೇಳುತ್ತಾರೆ. ಬಸ್ ಚಾರ್ಜು, ಚಹಾ ನಮ್ಮದು. 2022ರಲ್ಲಿ ಪ್ರಾಗ್‌ನಲ್ಲಿ ಐಕಾಮ್ (ಮ್ಯೂಸಿಯಂಗಳ ಅಂತರರಾಷ್ಟ್ರೀಯ ಮಂಡಳಿ) ಒಪ್ಪಿದ ಮ್ಯೂಸಿಯಂ ವ್ಯಾಖ್ಯೆಯಲ್ಲಿ ಸಮುದಾಯಗಳ ಪಾಲ್ಗೊಳ್ಳುವಿಕೆ ಅಂತ ಇದೆ. ಅದನ್ನು ಪಿಪಿಟಿಯಲ್ಲಿ ಓದಿದವರು ಬಹಳ, ಅಜ್ಜನಿಗೆ ಕುರ್ಚಿ ಹಾಕಿದವರು ಕಮ್ಮಿ.

ಮೇ 18ರ ಮ್ಯೂಸಿಯಂ ದಿನಕ್ಕೆ ಶಾಲೆಗಳನ್ನು ಕರೆಯಿರಿ ಅನ್ನುವವರಿಗೂ ಒಂದು ಮಾತು. ಆಗ ನಮ್ಮಲ್ಲಿ ಬೇಸಿಗೆ ರಜೆ. ನಾವು ಮೊಮ್ಮಕ್ಕಳು ಮನೆಗೆ ಬಂದಿರುವ ಅಜ್ಜಿಯಂದಿರನ್ನು ಕರೆದೆವು. ಜಾಗ ಸಾಲಲಿಲ್ಲ.

ಎಲ್ಲ ಸೇರಿ 22-23 ಸಾವಿರ ಆಯಿತು. ಮೊದಲು ನಕ್ಕವರೇ ಈಗ ನಕ್ಷೆ ಹಾಳೆ ಕಳಿಸಿ ಅಂತ ಫೋನ್ ಮಾಡುತ್ತಾರೆ. ಆಡಿಟ್‌ನಲ್ಲಿ ಮಾತ್ರ ಗಿರ್ಮಿಟ್-ಮಿರ್ಚಿ ಖರ್ಚಿಗೆ ಆಕ್ಷೇಪ ಬಂತು, ಜಿಎಸ್‌ಟಿ ಬಿಲ್ ಇಲ್ಲ ಅಂತ. ಸಂತೆಯ ಗಿರ್ಮಿಟ್ ಗಾಡಿಯವರು ಎಲ್ಲಿಂದ ಬಿಲ್ ಕೊಡಬೇಕು? ಆ ಸಾವಿರ ಚಿಲ್ಲರೆ ಇನ್ನೂ ನನ್ನ ಕಿಸೆಯಿಂದಲೇ ಹೋಗಿದೆ.