ಡೇರೆ ಮುಗಿದ ಮೇಲೆ ಕಾಸ್ಮಾಸ್

ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಮಳೆಗಾಲ ಬಂತೆಂದರೆ ಡೇರೆ (ಡೇಲಿಯಾ) ಹೂವಿನದೇ ಮಾತು. ಗೆಡ್ಡೆ ಕೊಡುವುದು, ತರುವುದು, ಯಾರ ಮನೆ ಹೂ ದೊಡ್ಡದು ಅಂತ ನೋಡಿಕೊಂಡು ಬರುವುದು. ಕಾಸ್ಮಾಸ್ ಕೂಡ ಡೇರೆಯ ನೆಂಟನೇ, ಎರಡರ ತವರೂ ಮೆಕ್ಸಿಕೊ. ಆದರೆ ಡೇರೆಗೆ ಮಾಡುವ ಉಪಚಾರ ಇದಕ್ಕೆ ಮಾಡಿದರೆ ಹೂವನ್ನೇ ಮರೆಯಬೇಕು.

ನಾನು ಬೀಜ ಹಾಕುವುದು ನವರಾತ್ರಿ ಹೊತ್ತಿಗೆ, ಮಳೆ ಹಿಂದೆಗೆದ ಮೇಲೆ. ಜೂನ್‌ನಲ್ಲಿ ಹಾಕಿದರೂ ಹುಟ್ಟುತ್ತದೆ, ಆದರೆ ನಮ್ಮ ಜಡಿಮಳೆಗೆ ಸಸಿ ಕೊಳೆಯುತ್ತದೆ. ಉಳಿದದ್ದು ಉದ್ದ ಬೆಳೆದು ಅಡ್ಡ ಬೀಳುತ್ತದೆ. ಇನ್ನೊಂದು ಕಾರಣವೂ ಇದೆ. ಗುಲಾಬಿ, ಬಿಳಿ ಬಣ್ಣದ ಜಾತಿ ಹಗಲು ಗಿಡ್ಡವಾದಾಗ ಬೇಗ ಮೊಗ್ಗು ಬಿಡುತ್ತದೆ.

ಸಸಿ ಮಾಡಲು ಟ್ರೇ ಯಾಕೆ, ಅಡಿಕೆ ಹಾಳೆ ಇದೆಯಲ್ವಾ? ತಳಕ್ಕೆ ಒಂದಷ್ಟು ತೂತು ಮಾಡಿ, ಜರಡಿ ಹಿಡಿದ ಮಣ್ಣು, ಮರಳು ತುಂಬುತ್ತೇನೆ. ಬೀಜ ಕಪ್ಪಗೆ, ಸೂಜಿಯಂತೆ ಸಣ್ಣಗೆ. ಕಾಲು ಇಂಚು ಮಣ್ಣು ಮುಚ್ಚಿದರೆ ಸಾಕು, ವಾರದೊಳಗೆ ಏಳುತ್ತದೆ. ಹಾಳೆಯನ್ನು ಮಾತ್ರ ಬಿಸಿಲಿಗೇ ಇಡಬೇಕು. ತೋಟದ ನೆರಳಲ್ಲಿ ಇಟ್ಟರೆ ಸಸಿ ಬಡಕಲಾಗಿ ಉದ್ದ ಹೋಗುತ್ತದೆ. ರಾತ್ರಿ ಬಸವನಹುಳು ಬರುತ್ತದೆ. ಅದನ್ನು ತಡೆಯಲು ಸುತ್ತ ಬೂದಿ ಹಾಕಿದರೂ, ಇಬ್ಬನಿ ಬಿದ್ದು ಒದ್ದೆಯಾದ ಮೇಲೆ ಏನೂ ಆಗುವುದಿಲ್ಲ. ಟಾರ್ಚ್ ಹಿಡಿದು ಹೆಕ್ಕುವುದೇ ದಾರಿ.

ಮೂರ್ನಾಲ್ಕು ಇಂಚು ಬೆಳೆದ ಸಸಿಯನ್ನು ಪಾಗಾರದ ಪಕ್ಕದ ಬಡ ಕೆಂಪುಮಣ್ಣಿಗೆ ಅಡಿಗೊಂದರಂತೆ ನೆಡುತ್ತೇನೆ. ಗೊಬ್ಬರ ಹಾಕುವುದಿಲ್ಲ, ಇದೇ ಮುಖ್ಯ. ನನ್ನ ಸಸಿಯನ್ನೇ ಒಯ್ದ ಅತ್ತಿಗೆ ಕೊಟ್ಟಿಗೆ ಹಿಂದೆ ನೆಟ್ಟರು, ಸಗಣಿ ನೀರು ಹರಿಯುವ ಜಾಗ. ಗಿಡ ಆಳೆತ್ತರ ಬಂತು. ದಪ್ಪ ದಂಟು, ಹಸಿರೋ ಹಸಿರು, ಹೂ ಮಾತ್ರ ಅಲ್ಲೊಂದು ಇಲ್ಲೊಂದು. ಸಾರಜನಕ ಜಾಸ್ತಿಯಾದರೆ ಗಿಡ ಎಲೆಯಲ್ಲೇ ಮೈಮರೆಯುತ್ತದೆ. "ನಿಮ್ಮ ಗಿಡಕ್ಕೆ ಏನು ಹಾಕಿದ್ರಿ?" ಅಂತ ಕೇಳಿದರು. ಏನೂ ಇಲ್ಲ ಅಂದರೆ ಇವತ್ತಿಗೂ ನಂಬುವುದಿಲ್ಲ.

ಗಿಡ ಒಂದಡಿ ಆದಾಗ ತುದಿ ಚಿವುಟಬೇಕು. ಮನಸ್ಸು ಬರುವುದಿಲ್ಲ ನಿಜ, ಆದರೆ ಹಾಗೆ ಮಾಡಿದರೇ ಕವಲೊಡೆಯುವುದು. ಸೆನ್ಸೇಷನ್ ಅನ್ನುವ ತಳಿ ನಾಲ್ಕಡಿ ಹೋಗುತ್ತದೆ, ಕೋಲು ಕಟ್ಟಿ. ಕುಂಡಕ್ಕೆ ಸೋನಾಟಾ ವಾಸಿ, ಅದು ಗಿಡ್ಡ. ಬೇರು ಹಿಡಿದ ಮೇಲೆ ದಿನಾ ನೀರು ಬೇಡ. ಕಿತ್ತಳೆ, ಹಳದಿ ಬಣ್ಣದ್ದು ಬೇರೆಯೇ ಜಾತಿ. ಅದು ಸೆಕೆ ತಡೆಯುತ್ತದೆ, ಬೇಸಿಗೆಗೆ ಅದನ್ನೇ ಹಾಕುತ್ತೇನೆ.

ಡಿಸೆಂಬರ್ ಹೊತ್ತಿಗೆ ಹೂ ಶುರು. ಬೆಳಿಗ್ಗೆ ಬಿಸಿಲೇರುತ್ತಿದ್ದಂತೆ ತುಡುವೆ ಜೇನು ಮುತ್ತುತ್ತದೆ. ಬಾಡಿದ ಹೂ ಕೀಳುತ್ತಾ ಹೋದಷ್ಟೂ ಹೊಸ ಮೊಗ್ಗು ಬರುತ್ತದೆ, ಬೀಜ ಕಟ್ಟಲು ಬಿಟ್ಟರೆ ಗಿಡ ಕೈಚೆಲ್ಲುತ್ತದೆ. ಹಾಗಾಗಿ ಬೀಜಕ್ಕೆ ಕೊನೆಯ ಹೂಗಳನ್ನಷ್ಟೇ ಬಿಡುತ್ತೇನೆ. ಜೇನು ಬೆರೆಸುವುದರಿಂದ ಮುಂದಿನ ವರ್ಷ ಅದೇ ಬಣ್ಣ ಬರುತ್ತದೆ ಅಂತ ಹೇಳಲಾಗದು. ಬೀಜ ಕಪ್ಪಾಗಿ ಒಣಗಿದೊಡನೆ ಕೊಯ್ದು, ನೆರಳಲ್ಲಿ ಆರಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಉದುರಿದ ಬೀಜ ತಾನೇ ಹುಟ್ಟುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ನಮ್ಮಲ್ಲಿ ಅದು ಮುಂಗಾರಿನ ಮೊದಲ ಮಳೆಗೇ ಮೊಳೆತು, ಆಷಾಢದಲ್ಲಿ ಕೊಳೆತು ಹೋಗುತ್ತದೆ.