ಮಳೆಗಾಲದಲ್ಲೂ ಸೇಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸ

ಶಿಲೆಗಳ ಪಾಠ ಮಾಡುವ ಶಿಕ್ಷಕರಿಗೆ ಒಂದು ಸಲಹೆ. ಮಳೆಗಾಲದಲ್ಲಿ ಮಲ್ಪೆಯಿಂದ ದ್ವೀಪಕ್ಕೆ ದೋಣಿ ಇರುವುದಿಲ್ಲ, ಅಲ್ವಾ? ಗೂಗಲ್ ಅರ್ಥ್‌ನಲ್ಲಿ ಹೋಗಿ. ಅಲ್ಲಿ ಜನ ಹಾಕಿರುವ ಫೋಟೊ ತೆರೆದರೆ ಕಂಬಗಳ ಹಾಗೆ ನಿಂತ ಕಲ್ಲು ಕಾಣುತ್ತದೆ. ತಕ್ಷಣ ವಿವರಿಸಬೇಡಿ. ಒಂದೊಂದು ಕಂಬದ ತಲೆಗೆ ಎಷ್ಟು ಮೂಲೆ ಅಂತ ಮಕ್ಕಳೇ ಎಣಿಸಲಿ. ಐದು, ಆರು ಅಂತ ಕೂಗಾಟ ಶುರುವಾದ ಮೇಲೆ, ಲಾವಾ ತಣಿದು ಕುಗ್ಗಿ ಬಿರುಕು ಬಿಟ್ಟದ್ದನ್ನು ಹೇಳಿ. ಆಮೇಲೆ ನಕ್ಷೆ ಸರಿಸಿ ಮಡಗಾಸ್ಕರ್ ತೋರಿಸಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಅದು ಭಾರತದಿಂದ ಬೇರ್ಪಡುವಾಗ ಉಕ್ಕಿದ ಲಾವಾ ಇದು. ಸುಮ್ನೆ ನೋಡಿ ಮುಗಿಸಬೇಡಿ. ಕಾರ್ನ್‌ಫ್ಲೋರ್ ನೀರಲ್ಲಿ ಗಟ್ಟಿಯಾಗಿ ಕಲಸಿ, ಬಲ್ಬಿನ ಕೆಳಗೆ ಪೂರ್ತಿ ಒಣಗಿಸಿ ಮುರಿಯಿರಿ. ಒಳಗೆ ಪುಟ್ಟ ಪುಟ್ಟ ಕಂಬಗಳು! ನೆಟ್ ಕೈಕೊಡುವ ಊರಾದರೆ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಡಿ.